ಬೇಸಿಗೆ ರಜೆಗೆ ಫ್ರೋಜನ್ ಫ್ರೂಟ್ ಪಂಚ್: ಐಸ್ ಟ್ರೇನಾ, ಮಿಕ್ಸಿನಾ, ಡಬ್ಬಿನಾ?

ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಮಕ್ಕಳು ಮರಿ ಸಮೇತ ನೆಂಟರ ದಂಡೇ ಇಳಿಯುತ್ತದೆ. ಊಟ ಮಾಡಿ, ಒಂದು ನಿದ್ದೆ ತೆಗೆದು ಎದ್ದವರಿಗೆ ತಣ್ಣಗೆ ಏನಾದರೂ ಬೇಕು. ದೊಡ್ಡವರಿಗೆ ಪಾನಕ, ಮಜ್ಜಿಗೆ ಸಾಕು. ಮಕ್ಕಳಿಗೆ ಮಾತ್ರ ಮಾಲ್‌ನಲ್ಲಿ ಸಿಗುವ ಸ್ಲಶ್ ಥರದ್ದೇ ಆಗಬೇಕು. ಮನೆಯಲ್ಲಿ ಅದನ್ನು ಮಾಡುವ ಮೂರು ದಾರಿಗಳನ್ನು ನಾನು ಮಾಡಿ ನೋಡಿದ್ದೇನೆ. ಇಪ್ಪತ್ತು ಜನಕ್ಕೆ ಒಟ್ಟಿಗೆ ಕೊಡಬೇಕು ಎಂದರೆ ನನ್ನ ಓಟು ಡಬ್ಬಿಗೆ.

ಐಸ್ ಟ್ರೇ ಸುಲಭ. ಒಂದರಲ್ಲಿ ಕಲ್ಲಂಗಡಿ ರಸ, ಇನ್ನೊಂದರಲ್ಲಿ ಅನಾನಸ್ ರಸ ಗಟ್ಟಿ ಮಾಡಿ, ಕ್ಯೂಬ್‌ಗಳನ್ನು ಲೋಟಕ್ಕೆ ಹಾಕಿ ಮೇಲೆ ನಿಂಬೆ ಶರಬತ್ತು ಸುರಿದರೆ ಆಯಿತು. ನೋಡಲು ಚೆಂದ, ಕರಗಿದರೂ ಶರಬತ್ತು ಸಪ್ಪೆಯಾಗುವುದಿಲ್ಲ. ಆದರೆ ಇದು ಬಣ್ಣದ ಐಸ್ ಹಾಕಿದ ಶರಬತ್ತು, ಅಷ್ಟೇ. ಮಕ್ಕಳು ಶರಬತ್ತನ್ನು ಗಟಗಟ ಕುಡಿದು, ಕ್ಯೂಬನ್ನು ಕಟಕಟ ಕಡಿಯುತ್ತಾ ಓಡಾಡುತ್ತಾರೆ.

ಮಿಕ್ಸಿಯ ದಾರಿಯಲ್ಲಿ ರುಚಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ, ಇದನ್ನು ಒಪ್ಪಲೇಬೇಕು. ಮಾವು, ಕರಬೂಜ, ಬಾಳೆಹಣ್ಣಿನ ಹೋಳುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರ್‌ಗೆ ಇಡಬೇಕು. ರಾಶಿ ಹಾಕಿದರೆ ಎಲ್ಲ ಅಂಟಿಕೊಂಡು ಒಂದೇ ಗಡ್ಡೆಯಾಗುತ್ತದೆ. ಬೇಕೆನಿಸಿದಾಗ ಸ್ವಲ್ಪ ರಸ ಸೇರಿಸಿ ರುಬ್ಬಿದರೆ ಮೆತ್ತಗೆ, ಐಸ್‌ಕ್ರೀಮ್ ಥರ ಬರುತ್ತದೆ. ಸಕ್ಕರೆಯೂ ಅಷ್ಟಾಗಿ ಬೇಡ. ತೊಂದರೆ ಏನೆಂದರೆ, ಒಂದು ಜಾರಿಗೆ ಮೂರು ನಾಲ್ಕು ಲೋಟ ಮಾತ್ರ. ಎಲ್ಲರೂ ಹಜಾರದಲ್ಲಿ ಹರಟೆ ಹೊಡೆಯುತ್ತಿದ್ದರೆ ಮಾಡುವವರು ಮಾತ್ರ ಅಡುಗೆಮನೆಯಲ್ಲಿ ಗರ್ ಎನ್ನುವ ಮಿಕ್ಸಿ ಹಿಡಿದು ನಿಂತಿರಬೇಕು. ಕೊನೆಯ ಲೋಟ ತುಂಬುವ ಹೊತ್ತಿಗೆ ಮೊದಲನೆಯದು ಕರಗಿರುತ್ತದೆ. ಮನೆಯಲ್ಲಿ ನಾಲ್ಕೇ ಜನ ಇದ್ದರೆ ಮಾತ್ರ ನಾನು ಇದನ್ನೇ ಮಾಡುವುದು.

ಡಬ್ಬಿಯ ಪಂಚ್ ಹಿಂದಿನ ರಾತ್ರಿಯೇ ತಯಾರು. ಒಂದು ಲೀಟರ್ ನೀರಿಗೆ 300 ಗ್ರಾಂ ಸಕ್ಕರೆ ಹಾಕಿ, ಕರಗುವಷ್ಟು ಕಾಯಿಸಿ ಆರಿಸಿ. ಒಂದು ಮಧ್ಯಮ ಗಾತ್ರದ ಅನಾನಸ್ ರುಬ್ಬಿ, ನಾರು ಸೋಸಿ ಸೇರಿಸಿ. ಮೂರು ರಸಪುರಿ ಮಾವಿನ ರಸ, ನಾಲ್ಕು ನಿಂಬೆಹಣ್ಣು, ಚಿಟಿಕೆ ಉಪ್ಪು. ಈಗ ಬಾಯಿಗೆ ಹಾಕಿದರೆ ಸಿಹಿ ಸ್ವಲ್ಪ ಜಾಸ್ತಿ ಅನ್ನಿಸಬೇಕು, ಯಾಕೆಂದರೆ ಕೊರೆಯುವಷ್ಟು ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಅಷ್ಟು ಗೊತ್ತಾಗುವುದಿಲ್ಲ. ಮೇಲೆ ಸೋಡಾ ಬೇರೆ ಬೀಳುವುದಿದೆ.

ಸಕ್ಕರೆ ಕಡಿಮೆ ಮಾಡಿದರೆ ಆರೋಗ್ಯಕ್ಕೆ ಒಳ್ಳೆಯದು ನಿಜ, ಆದರೆ ಪಂಚ್ ಕಲ್ಲಾಗುತ್ತದೆ. ಬರೀ ನೀರು 0 ಡಿಗ್ರಿಗೇ ಗಟ್ಟಿಯಾಗುತ್ತದೆ. ಸಕ್ಕರೆ ಬೆರೆತಿದ್ದರೆ ಇನ್ನೂ ತಣ್ಣಗಾಗಬೇಕು. ಒಂದಿಷ್ಟು ನೀರು ಹರಳಾದಂತೆ ಉಳಿದ ಪಾಕದಲ್ಲಿ ಸಕ್ಕರೆಯ ಅಂಶ ಹೆಚ್ಚಾಗಿ, ಅದು ಹರಳುಗಳ ನಡುವೆ ದ್ರವವಾಗಿಯೇ ಉಳಿಯುತ್ತದೆ. ಹಾಗಾಗಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಿಂದ ತೆಗೆದರೂ ಸ್ವಲ್ಪ ಹೊತ್ತಿನಲ್ಲಿ ಚಮಚ ಇಳಿಯುತ್ತದೆ. ಕಲ್ಲಂಗಡಿ ರಸವನ್ನು ಹಾಗೇ ಇಟ್ಟು ನೋಡಿ, ಲಟ್ಟಣಿಗೆಯಲ್ಲಿ ಕುಟ್ಟಬೇಕಾಗುತ್ತದೆ.

ಅಗಲವಾದ ಸ್ಟೀಲ್ ಡಬ್ಬಿ ಒಳ್ಳೆಯದು. ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಪಕ್ಕದ ಮಸಾಲೆಯ ವಾಸನೆಯೆಲ್ಲ ಪಂಚ್‌ಗೇ. ಮೇಲೆ ಎರಡು ಬೆರಳು ಜಾಗ ಬಿಡಿ, ಹೆಪ್ಪುಗಟ್ಟುವಾಗ ಉಬ್ಬುತ್ತದೆ. ಮಲಗುವ ಮುಂಚೆ ಒಮ್ಮೆ ಫೋರ್ಕ್‌ನಿಂದ ಕೆದಕಿದರೆ ಹರಳು ಸಣ್ಣಗಾಗುತ್ತದೆ. ಬಡಿಸುವುದಕ್ಕೆ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದು, ಕೆರೆದು, ಲೋಟಕ್ಕೆ ಅರ್ಧ ತುಂಬಿ ಮೇಲೆ ತಣ್ಣನೆಯ ಸೋಡಾ ಸುರಿಯಿರಿ. ಬುಸ್ ಎಂದು ಹಳದಿ ನೊರೆ ಏಳುತ್ತದೆ, ಕೆಳಗೆ ಮರಳು ಮರಳಾದ ಐಸ್. ಮಕ್ಕಳು ಕೇಳಿದ ಸ್ಲಶ್ ಇದೇ ಅಲ್ವಾ?

ಇದಕ್ಕೆ ಮೂಸಂಬಿ ಮಾತ್ರ ಬೇಡ. ಅದರ ರಸ ನಿಂತಷ್ಟೂ ಕಹಿ ಬಿಡುತ್ತದೆ, ಬೆಳಗಾಗುವಷ್ಟರಲ್ಲಿ ಪೂರಾ ಡಬ್ಬಿಗೆ ಹರಡಿರುತ್ತದೆ. ಬದಲಿಗೆ ಕರಾವಳಿ ಕಡೆಯಿಂದ ತಂದ ಪುನರ್ಪುಳಿ ಸಿರಪ್ ಇದ್ದರೆ ಮಾವು ಬಿಟ್ಟು ಅದನ್ನೇ ಹಾಕಿ. ಸಿರಪ್‌ನಲ್ಲೇ ಸಕ್ಕರೆ ಇರುವುದರಿಂದ ಪಾಕ ಸ್ವಲ್ಪ ತೆಳ್ಳಗಿರಲಿ. ಬಣ್ಣವಂತೂ ಕೇಳಲೇಬೇಡಿ! ಹುಳಿ ಚುರುಕಾಗಿರುವುದರಿಂದ ದೊಡ್ಡವರೂ ಇನ್ನೊಂದು ಲೋಟಕ್ಕೆ ಕೈ ಚಾಚುತ್ತಾರೆ.

ಸೋಡಾವನ್ನು ಡಬ್ಬಿಗೆ ಸುರಿಯಬೇಡಿ, ಲೋಟಕ್ಕೇ ಹಾಕಿ. ಆಗ ಡಬ್ಬಿಯಲ್ಲಿ ಉಳಿದದ್ದನ್ನು ಕರಗುವ ಮುಂಚೆ ವಾಪಸ್ ಫ್ರೀಜರ್‌ಗೆ ತಳ್ಳಬಹುದು.