ಹಿಂಬದಿ ರಾಡಾರ್‌ಗೆ ಕರೆಂಟ್ ಎಲ್ಲಿಂದ? ಬಬಲೇಶ್ವರ ರಸ್ತೆಯಲ್ಲಿ ಮೂರು ಪ್ರಯೋಗ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ರಸ್ತೆಯಲ್ಲಿ ಸಂಜೆ ಏಳರ ಮೇಲೆ ಸೈಕಲ್ ತುಳಿಯುವವನಿಗೆ ಎದುರಿನ ತಗ್ಗುಗಳಿಗಿಂತ ಬೆನ್ನ ಹಿಂದಿನದೇ ಚಿಂತೆ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಬರುತ್ತದೆ. ಟ್ರೇಲರಿನ ಎರಡೂ ಮಗ್ಗುಲಿಗೆ ಕಬ್ಬು ಮೊಳದುದ್ದ ಹೊರಚಾಚಿರುತ್ತದೆ. ಅದರ ಹಿಂದೆ ಕಾದು ಕಾದು ತಾಳ್ಮೆಗೆಟ್ಟ ಕಾರೊಂದು ಥಟ್ಟನೆ ಬಲಕ್ಕೆ ಹೊರಳುತ್ತದೆ. ಹಾಗೆಂದು ಘಳಿಗೆಗೊಮ್ಮೆ ಕತ್ತು ಹೊರಳಿಸಿ ನೋಡಿದರೆ ಕತ್ತಿನ ಜೊತೆಗೆ ಸೈಕಲ್ಲೂ ಹೊರಳುತ್ತದೆ.

ಬಬಲೇಶ್ವರದಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ, ಮನೆ ವಿಜಯಪುರದಲ್ಲಿ. ದಿನಕ್ಕೆ ಹೋಗಿ ಬರುವುದು ಐವತ್ತು ಕಿಲೋಮೀಟರಿನ ಆಸುಪಾಸು. ಹಳೆಯ ಗೇರ್ ಸೈಕಲ್ಲಿಗೆ 36 ವೋಲ್ಟ್, 250 ವ್ಯಾಟಿನ ಹಬ್ ಮೋಟಾರ್ (ಗಾಲಿಯ ನಡುವೆಯೇ ಕೂರುವ ಮೋಟಾರ್) ಕಿಟ್ ಕೂರಿಸಿಕೊಂಡು ಮೂರು ವರ್ಷವಾಯಿತು. ಬ್ಯಾಟರಿ 10.4 ಆಂಪಿಯರ್ ಅವರ್‌ನದು. ಮಧ್ಯಾಹ್ನ ಅಂಗಡಿಯಲ್ಲಿ ಚಾರ್ಜಿಗೆ ಹಾಕುತ್ತೇನೆ. ಕಳೆದ ವರ್ಷ ಇದಕ್ಕೆ ಹಿಂಬದಿ ರಾಡಾರ್ ಸೇರಿತು. ಸೀಟಿನ ಕೆಳಗೆ ಕೂರುವ, ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಪೆಟ್ಟಿಗೆ ಅದು. ಹಿಂದಿನಿಂದ ವಾಹನ ಹತ್ತಿರವಾದರೆ ಹ್ಯಾಂಡಲ್ ಮೇಲಿನ ಮೊಬೈಲಿನಲ್ಲಿ ಒಂದು ಚುಕ್ಕೆ ಮೇಲೇರುತ್ತ ಬರುತ್ತದೆ. ಅದರೊಳಗೇ ಕೆಂಪು ದೀಪವೂ ಇದೆ.

2015ರಲ್ಲಿ ಗಾರ್ಮಿನ್ ಕಂಪನಿ ವೇರಿಯಾ ಎಂಬ ಹೆಸರಿನಲ್ಲಿ ಸೈಕಲ್ಲಿಗೆಂದೇ ರಾಡಾರ್ ತಂದಿತು. ಈಗ ಬೇರೆಯವರದೂ ಸಿಗುತ್ತದೆ. ವೇರಿಯಾದ ಆರ್‌ಟಿಎಲ್ 515 ಮಾದರಿ 140 ಮೀಟರ್ ದೂರದಿಂದಲೇ ವಾಹನವನ್ನು ಗುರುತಿಸುತ್ತದೆ. ದೀಪ ಒಂದೇ ಸಮನೆ ಉರಿದರೆ 6 ಗಂಟೆ, ಹಗಲಿನ ಮಿನುಗಿಗೆ ಇಟ್ಟರೆ 16 ಗಂಟೆ ಬಾಳುತ್ತದೆ ಎಂಬುದು ಕಂಪನಿಯ ಲೆಕ್ಕ. ನನ್ನದು ಇನ್ನೊಬ್ಬರ ತಯಾರಿಕೆ, ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ಆರು ಗಂಟೆ ಎಂದರೆ ನನಗೆ ಎರಡು ದಿನ ಚಿಲ್ಲರೆ. ಎರಡು ದಿನ ನೆನಪಿರುತ್ತದೆ, ಮೂರನೆಯ ದಿನ ಮರೆತುಹೋಗುತ್ತದೆ. ರಾತ್ರಿ ನೆನಪಾದರೂ ಅಡುಗೆಮನೆಯ ಪ್ಲಗ್ಗಿಗೆ ಪೈಪೋಟಿ. “ಸೈಕಲ್ಲಿಗೊಂದು ಪ್ಲಗ್, ದೀಪಕ್ಕೊಂದು ಪ್ಲಗ್, ಈಗ ಈ ಪೆಟ್ಟಿಗೆಗೂ ಒಂದು. ನನ್ನ ಮಿಕ್ಸರ್ ಎಲ್ಲಿಗೆ ಹಚ್ಚಲಿ ಹೇಳಿ?” ಎಂದು ಮನೆಯವಳು ಕೇಳಿದ ದಿನವೇ ಇವೆಲ್ಲಕ್ಕೂ ಸೈಕಲ್ಲಿನ ಬ್ಯಾಟರಿಯಿಂದಲೇ ಕರೆಂಟ್ ಕೊಡಬೇಕೆಂದು ತೀರ್ಮಾನಿಸಿದೆ.

ಕರೆಂಟ್ ಎಷ್ಟು ತಿನ್ನುತ್ತದೆ ಎಂಬುದು ಎಲ್ಲರ ಮೊದಲ ಪ್ರಶ್ನೆ, ಆದರೆ ಅದು ತೀರಾ ಸಣ್ಣ ಪ್ರಶ್ನೆ. ಮುಂದಿನ ದೀಪ 5 ವ್ಯಾಟ್, ರಾಡಾರ್ ಮತ್ತು ಅದರ ದೀಪ ಸೇರಿ ಒಂದು ವ್ಯಾಟಿನ ಅಕ್ಕಪಕ್ಕ. ನಡುವಿನ ನಷ್ಟ ಸೇರಿಸಿದರೂ ಎಂಟು ವ್ಯಾಟ್ ದಾಟುವುದಿಲ್ಲ. ಎರಡು ಗಂಟೆಗೆ 16 ವ್ಯಾಟ್ ಅವರ್. ನನ್ನ ಬ್ಯಾಟರಿಯಲ್ಲಿ 374 ಇದೆ. ಅಂದರೆ ನೂರಕ್ಕೆ ನಾಲ್ಕು, ಎರಡು ಕಿಲೋಮೀಟರಿನ ಓಟದಷ್ಟು. ತಲೆಕೆಡಿಸಿಕೊಳ್ಳಬೇಕಾದದ್ದು ಬೇರೆಯೇ ಇತ್ತು, ಅದು ನನಗೆ ತಡವಾಗಿ ತಿಳಿಯಿತು.

ಮೊದಲು ಪ್ರಯತ್ನಿಸಿದ್ದು ಸೈಕಲ್ ಬ್ಯಾಟರಿಯನ್ನು ಮುಟ್ಟದ ದಾರಿ: ಒಂದು ಪವರ್ ಬ್ಯಾಂಕ್, ಒಂದು ತಂತಿ. ಖರ್ಚಿಲ್ಲ, ಕೆಡುವ ಭಯವಿಲ್ಲ. ಆದರೆ ರಾಡಾರ್ ತುಂಬುತ್ತ ಬಂದಂತೆ ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ, ಪವರ್ ಬ್ಯಾಂಕ್ ಇನ್ನೇನು ಕೆಲಸ ಮುಗಿಯಿತೆಂದು ತಾನಾಗಿಯೇ ನಿದ್ದೆ ಹೋಗುತ್ತದೆ. ಮತ್ತೆ ಎಬ್ಬಿಸಲು ಗುಂಡಿ ಒತ್ತಬೇಕು, ಅದು ಚೀಲದೊಳಗೆ. ಮೇಲಾಗಿ ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಕರಿ ಚೀಲದೊಳಗೆ ಲಿಥಿಯಂ ಪೊಟ್ಟಣ ಇಟ್ಟುಕೊಂಡು ತಿರುಗಲು ನನಗೆ ಮನಸ್ಸಾಗಲಿಲ್ಲ. ಮತ್ತು ಅದನ್ನೂ ಚಾರ್ಜ್ ಮಾಡಬೇಕಲ್ಲ! ಮಿಕ್ಸರಿನ ಪ್ಲಗ್ಗಿಗೆ ನಾಲ್ಕನೆಯ ವಾರಸುದಾರ ಬಂದ ಹಾಗಾಯಿತು.

ಎರಡನೆಯದು ಕಿಟ್ಟಿನ ಡಿಸ್‌ಪ್ಲೇ ಕೆಳಗಿದ್ದ ಯುಎಸ್‌ಬಿ ಕಿಂಡಿ. ಮೊಬೈಲಿಗೆಂದು ಕೊಟ್ಟದ್ದು, 5 ವೋಲ್ಟ್, ಅರ್ಧ ಆಂಪಿಯರ್. ರಾಡಾರ್ ಒಂದಕ್ಕೆ ಅದು ಧಾರಾಳ. ಮುಂದಿನ ದೀಪವನ್ನೂ ಅದಕ್ಕೇ ಹಚ್ಚಿದಾಗ ದೀಪ ಎಣ್ಣೆ ತೀರಿದ ಪಣತಿಯಂತೆ ಆಯಿತು. ಎರಡೂವರೆ ವ್ಯಾಟಿನ ಕಿಂಡಿಯಿಂದ ಐದು ವ್ಯಾಟ್ ಕೇಳಿದ್ದು ನನ್ನದೇ ತಪ್ಪು. ಅದಕ್ಕಿಂತ ದೊಡ್ಡ ಕೊರತೆ ಚಹಾದ ಅಂಗಡಿಯ ಮುಂದೆ ಕಂಡಿತು. ಸೈಕಲ್ ರಸ್ತೆ ಪಕ್ಕ ನಿಲ್ಲಿಸಿ ಮಾತಿಗೆ ಕುಳಿತೆ. ಹತ್ತು ನಿಮಿಷಕ್ಕೆ ಡಿಸ್‌ಪ್ಲೇ ತಾನೇ ಆರಿತು, ಅದರೊಂದಿಗೆ ಕಿಂಡಿಯ ಕರೆಂಟೂ ನಿಂತಿತು.

ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್‌ನಿಂದ ಬರುವ ದೀಪದ ತಂತಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಯುರೋಪಿನ ಸಿದ್ಧ ಇ-ಸೈಕಲ್ಲುಗಳಲ್ಲಿ ಮೋಟಾರಿನಿಂದಲೇ ದೀಪಕ್ಕೆಂದು 6 ಅಥವಾ 12 ವೋಲ್ಟ್ ತೆಗೆದಿರುತ್ತಾರೆ. ಬ್ಯಾಟರಿ ಇಳಿದು ಮೋಟಾರ್ ನಿಂತ ಮೇಲೂ ದೀಪಕ್ಕೆ ಸ್ವಲ್ಪ ಉಳಿಸಿಡುವ ಏರ್ಪಾಡೂ ಅವುಗಳಲ್ಲಿ ಇದೆ. ಅಂಥ ಸೈಕಲ್ ನಿಮ್ಮದಾಗಿದ್ದರೆ ಈ ಬರಹವನ್ನು ಇಲ್ಲಿಗೇ ಬಿಡಬಹುದು. ಅಗ್ಗದ ಕಿಟ್ಟುಗಳಲ್ಲಿ ಹಾಗಲ್ಲ. ನನ್ನ ಕಂಟ್ರೋಲರಿನ ದೀಪದ ತಂತಿಗೆ ಮಲ್ಟಿಮೀಟರ್ ಹಿಡಿದರೆ 39 ವೋಲ್ಟ್ ತೋರಿಸಿತು, ಬ್ಯಾಟರಿಯದ್ದು ಇದ್ದದ್ದು ಇದ್ದ ಹಾಗೇ. ಅದಕ್ಕೆ 6 ವೋಲ್ಟಿನ ದೀಪ ಹಚ್ಚಿದ್ದರೆ ಒಂದೇ ಒಂದು ಸಲ ಚೆನ್ನಾಗಿ ಬೆಳಗುತ್ತಿತ್ತು.

ಇನ್ನು ಮೂರನೆಯ ದಾರಿ, ಬ್ಯಾಟರಿಯ ತಂತಿಗೆ ಪ್ರತ್ಯೇಕ ಕನ್ವರ್ಟರ್ ಕೂರಿಸಿ 5 ವೋಲ್ಟ್ ಮಾಡಿಕೊಳ್ಳುವುದು. 440 ವೋಲ್ಟಿನ ಮೋಟಾರುಗಳನ್ನು ದಿನವೂ ಬಿಚ್ಚುವವನು ನಾನು. ಐದು ವೋಲ್ಟ್ ಎಂದರೆ ಮಕ್ಕಳಾಟ ಎಂಬ ಹಮ್ಮಿತ್ತು. ನೂರು ರೂಪಾಯಿಯೊಳಗೆ ಸಿಗುವ ಎಲ್‌ಎಂ2596 ಚಿಪ್ಪಿನ ಸಣ್ಣ ಕನ್ವರ್ಟರ್ ಹಲಗೆ ತಂದೆ. ಅಂಗಡಿಯಲ್ಲಿ 12 ವೋಲ್ಟಿಗೆ ಹಚ್ಚಿದೆ, ನಡೆಯಿತು. 24ಕ್ಕೆ ಹಚ್ಚಿದೆ, ನಡೆಯಿತು. ಸಂಜೆ ಅರ್ಧ ಇಳಿದ ಸೈಕಲ್ ಬ್ಯಾಟರಿಗೆ ಹಚ್ಚಿಕೊಂಡು ಮನೆಯವರೆಗೂ ಬೆಳಕಿನಲ್ಲಿ ಬಂದೆ. ಮರುದಿನ ಬೆಳಿಗ್ಗೆ ಪೂರ್ತಿ ಚಾರ್ಜ್ ಆದ ಬ್ಯಾಟರಿ ಕೂರಿಸಿ ಸ್ವಿಚ್ ಒತ್ತಿದೆ. ಚಟ್ ಎಂದಿತು. ಸುಟ್ಟ ಕಮಟು ವಾಸನೆ. ಮುಂದಿನ ದೀಪ ಒಂದು ಕ್ಷಣ ಬಿಳಿಯಾಗಿ, ನೀಲಿಯಾಗಿ, ಕರ್ರಗಾಯಿತು.

ಆದದ್ದು ಇಷ್ಟೇ. 36 ವೋಲ್ಟಿನ ಬ್ಯಾಟರಿ ಎಂದರೆ ಹತ್ತು ಸೆಲ್ಲುಗಳ ಸಾಲು. ಒಂದೊಂದು ಸೆಲ್ 4.2 ವೋಲ್ಟಿನವರೆಗೆ ತುಂಬುತ್ತದೆ. ಒಟ್ಟು 42. ಆ ಚಿಪ್ಪಿನ ತಾಳಿಕೆ 40 ವೋಲ್ಟಿಗೆ ಮುಗಿಯುತ್ತದೆ. ಹಿಂದಿನ ಸಂಜೆ 37 ಇತ್ತು, ಬದುಕಿತು. ಬೆಳಿಗ್ಗೆ 42, ಸತ್ತಿತು. ಅದರ ಸಾವೂ ಕೆಟ್ಟದ್ದು, ಸುಮ್ಮನೆ ಕಡಿದುಕೊಳ್ಳುವುದಿಲ್ಲ. ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿ 42 ವೋಲ್ಟನ್ನು ನೇರವಾಗಿ ದೀಪದೊಳಕ್ಕೆ ನುಗ್ಗಿಸುತ್ತದೆ. ರಾಡಾರ್ ಆ ಹೊತ್ತಿಗೆ ಮೇಜಿನ ಮೇಲಿತ್ತು. ಅದು ಉಳಿದದ್ದು ನನ್ನ ಜಾಣತನದಿಂದಲ್ಲ.

ವಿಷಯ ಕೇಳಿದ ಪಕ್ಕದ ಮೊಬೈಲ್ ರಿಪೇರಿ ಹುಡುಗ ಇನ್ನೊಂದು ಉಪಾಯ ಹೇಳಿದ. “ಕನ್ವರ್ಟರ್ ಯಾಕೆ ಬೇಕು ಕಾಕಾ? ಬ್ಯಾಟರಿ ಬಿಚ್ಚಿ ಹತ್ತರಲ್ಲಿ ಮೂರು ಸೆಲ್ಲಿಗೆ ತಂತಿ ಬೆಸುಗೆ ಹಾಕಿಕೊಡುತ್ತೇನೆ, 12 ವೋಲ್ಟ್ ಬಂದೇ ಬರುತ್ತದೆ.” ಬರುತ್ತದೆ, ನಿಜ. ಆದರೆ ಹತ್ತು ಎತ್ತು ಕಟ್ಟಿ ಹಗಲೆಲ್ಲ ಉತ್ತು, ರಾತ್ರಿ ಗಾಣಕ್ಕೆ ಅದರಲ್ಲಿ ಮೂರನ್ನೇ ಹೂಡಿದ ಹಾಗೆ ಅದು. ಆ ಮೂರು ಸೆಲ್ ಸದಾ ಉಳಿದವುಗಳಿಗಿಂತ ಕೆಳಗಿರುತ್ತವೆ, ಸಾಲು ಅಸಮವಾಗುತ್ತದೆ. ಒಳಗಿನ ರಕ್ಷಣಾ ಸರ್ಕಿಟ್, ಅಂದರೆ ಬಿಎಂಎಸ್, ಅವು ಬರಿದಾದವೆಂದು ಇಡೀ ಬ್ಯಾಟರಿಯನ್ನೇ ಕಡಿಯುತ್ತದೆ. “ಬೇಡಪ್ಪಾ, ನೀನು ಮೊಬೈಲ್ ನೋಡಿಕೋ” ಎಂದೆ. ಇ-ಸ್ಕೂಟರ್ ಬಿಡಿಭಾಗದ ಅಂಗಡಿಯಲ್ಲಿ ಗಟ್ಟಿಮುಟ್ಟಾದ ಕನ್ವರ್ಟರ್ ತೋರಿಸಿದರು, ಆದರೆ ಮೈಮೇಲೆ 48ರಿಂದ 72 ವೋಲ್ಟ್ ಎಂದು ಬರೆದಿತ್ತು. ನನ್ನದು ಇಳಿದಾಗ 31ಕ್ಕೆ ಬರುತ್ತದೆ.

ಎರಡನೆಯ ಸಲ 80 ವೋಲ್ಟಿನವರೆಗೆ ತಾಳುವ, ರಾಳ ಸುರಿದು ಮುಚ್ಚಿದ ಕನ್ವರ್ಟರ್ ತರಿಸಿದೆ. ತಂತಿ ತೆಗೆದದ್ದು ಬಿಎಂಎಸ್ ದಾಟಿ ಬರುವ ಹೊರ ತುದಿಯಿಂದ, ಸೆಲ್ಲಿನ ಬುಡದಿಂದಲ್ಲ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಒಂದು ಆಂಪಿಯರಿನ ಫ್ಯೂಸ್ ಹಾಕಿದೆ. ಕಾರಿನ ಮಾಮೂಲಿ ಚಪ್ಪಟೆ ಫ್ಯೂಸಿನ ಮೇಲೆ 32 ವೋಲ್ಟ್ ಎಂದಿರುತ್ತದೆ, ಅದು ಇಲ್ಲಿಗೆ ಸಾಲದು. ಇನ್ನೂ ಹೆಚ್ಚಿನ ಡಿಸಿ ವೋಲ್ಟಿನದನ್ನೇ ಹುಡುಕಿ ಹಾಕಿ. ಅಂದಿನಿಂದ ಕನ್ವರ್ಟರ್ ಒಂದು ದಿನವೂ ಕೈಕೊಟ್ಟಿಲ್ಲ. ಕೈಕೊಟ್ಟದ್ದು ನನ್ನ ಮರೆವು. ದಸರೆಗೆ ಇಪ್ಪತ್ತು ದಿನ ಮಗಳ ಮನೆಗೆ ಹೋದಾಗ ಅದರ ಸ್ವಿಚ್ ಆರಿಸಿರಲಿಲ್ಲ. ದೀಪ ಹತ್ತದಿದ್ದರೂ ಕನ್ವರ್ಟರ್ ಸುಮ್ಮನೆ ಕುಳಿತು 9 ಮಿಲಿ ಆಂಪಿಯರ್ ಕುಡಿಯುತ್ತದೆ ಎಂದು ಬಂದ ಮೇಲೆ ಅಳೆದು ನೋಡಿದೆ. ಇಪ್ಪತ್ತು ದಿನಕ್ಕೆ ನಾಲ್ಕು ಆಂಪಿಯರ್ ಅವರ್ ಮೀರಿ ಹೋಗಿತ್ತು. ಈಗ ಸ್ವಿಚ್ ಪಕ್ಕ ಕೆಂಪು ಬಣ್ಣ ಬಳಿದಿದ್ದೇನೆ.

ಇಷ್ಟಾದ ಮೇಲೆ ಎಲ್ಲವನ್ನೂ ಕನ್ವರ್ಟರಿಗೇ ಕಟ್ಟಿ, ಸ್ವಂತ ಬ್ಯಾಟರಿಯೇ ಇಲ್ಲದ ಹಗುರ ದೀಪಗಳನ್ನು ಹಾಕುವ ಯೋಚನೆ ಇತ್ತು. ಮುಂದಿನದನ್ನು ಹಾಗೆಯೇ ಹಾಕಿದೆ. ಹಿಂದಿನದಕ್ಕೂ ಅಂಥದ್ದೇ ಒಂದನ್ನು ನೋಡಿಟ್ಟಿದ್ದೆ. ಆ ಯೋಚನೆ ಬಿಟ್ಟದ್ದು ಜನವರಿಯ ಒಂದು ರಾತ್ರಿ. ಅಂದು ಮಧ್ಯಾಹ್ನವೆಲ್ಲ ಕರೆಂಟ್ ಇರಲಿಲ್ಲ, ಬ್ಯಾಟರಿ ಅರೆಬರೆ ತುಂಬಿತ್ತು, ಎದುರುಗಾಳಿ ಬೇರೆ. ಸಾಮಾನ್ಯವಾಗಿ ಬ್ಯಾಟರಿ ಇಳಿದಾಗ ಕಂಟ್ರೋಲರ್ 31 ವೋಲ್ಟಿಗೆ ಮೋಟಾರನ್ನು ನಿಲ್ಲಿಸುತ್ತದೆ. ಬಿಎಂಎಸ್ ಕಡಿಯುವುದು ಅದಕ್ಕಿಂತ ಕೆಳಗೆ, ಆದ್ದರಿಂದ ಬ್ಯಾಟರಿಗೇ ಹಚ್ಚಿದ ದೀಪ ಇನ್ನೂ ಗಂಟೆಗಟ್ಟಲೆ ಉರಿಯಬೇಕು. ಅದನ್ನೇ ನಂಬಿದ್ದೆ. ಆದರೆ ಮೂರು ವರ್ಷದ ಬ್ಯಾಟರಿಯಲ್ಲಿ ಹತ್ತರಲ್ಲಿ ಒಂದು ಸೆಲ್ ಸೊರಗಿತ್ತು. ಏರಿನಲ್ಲಿ ಮೋಟಾರ್ ಎಳೆದಾಗ ಆ ಒಂದೇ ಸೆಲ್ ಕುಸಿದು ಬಿಎಂಎಸ್ ಮೊದಲೇ ಕಡಿಯಿತು. ಮೋಟಾರ್, ಮುಂದಿನ ದೀಪ, ಡಿಸ್‌ಪ್ಲೇ, ಎಲ್ಲವೂ ಒಟ್ಟಿಗೆ ಸತ್ತವು. ಎರಡೂ ಕಡೆ ಎರೆಹೊಲ, ನಡುವೆ ನಾನು. ರಸ್ತೆ ಎಲ್ಲಿ ಮುಗಿಯುತ್ತದೆ ಎಂದೂ ಕಾಣದು. ಹಿಂದಿನಿಂದ ಲಾರಿಯ ಬೆಳಕು ನನ್ನ ನೆರಳನ್ನು ಉದ್ದಕ್ಕೆ ಚಾಚಿತು. ರಾಡಾರಿನ ಕೆಂಪು ದೀಪ ಮಾತ್ರ ತನ್ನ ಸ್ವಂತ ಬ್ಯಾಟರಿಯಲ್ಲಿ ಮಿನುಗುತ್ತಲೇ ಇತ್ತು. ಲಾರಿಯವನು ಎರಡು ಮಾರು ಬಲಕ್ಕೆ ಸರಿದು ಹೋದ.

ಈಗಿನ ಏರ್ಪಾಡು ಹೀಗಿದೆ. ಮುಂದಿನ ದೀಪ ಕನ್ವರ್ಟರಿನಿಂದ, ಅದು ಆರಿದರೆ ಮೊಬೈಲಿನ ಟಾರ್ಚ್ ಹಿಡಿದಾದರೂ ನಡೆಯಬಹುದು. ರಾಡಾರಿಗೆ ಸ್ವಂತ ಬ್ಯಾಟರಿ ಇರಲೇಬೇಕು, ಕನ್ವರ್ಟರ್ ಅದನ್ನು ತುಂಬುತ್ತಿರುತ್ತದೆ ಅಷ್ಟೇ. ಪವರ್ ಬ್ಯಾಂಕ್ ಮಗನ ಪಾಲಾಯಿತು. ವಾರಕ್ಕೊಮ್ಮೆ ಭೂತನಾಳ ಕೆರೆಯವರೆಗೆ ಹೋಗಿ ಬರುವವರಿಗೆ ಇಷ್ಟೆಲ್ಲ ಬೇಡ, ರಾಡಾರನ್ನು ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳಿ. ಡಿಸ್‌ಪ್ಲೇ ಕಿಂಡಿ ಇದ್ದು, ರಾಡಾರ್ ಒಂದನ್ನೇ ತುಂಬಬೇಕಿದ್ದರೆ ಅದೇ ಸಾಕು. ನಾನು ಕನ್ವರ್ಟರಿಗೆ ಹೋದದ್ದು ಮುಂದಿನ ದೀಪದ ಹಟಕ್ಕೆ. ಒಂದು ಮಾತು ಮಾತ್ರ ಕೊಳ್ಳುವ ಮೊದಲೇ ಕೇಳಿಕೊಳ್ಳಿ: ಚಾರ್ಜ್ ಆಗುತ್ತಿರುವಾಗಲೂ ರಾಡಾರ್ ಕೆಲಸ ಮಾಡುತ್ತದೆಯೇ? ಎಲ್ಲ ರಾಡಾರುಗಳೂ ಹಾಗೆ ಮಾಡುತ್ತವೆ ಎಂದುಕೊಳ್ಳಬೇಡಿ.

ಕಬ್ಬಿನ ಟ್ರ್ಯಾಕ್ಟರಿನ ಮಟ್ಟಿಗೆ ರಾಡಾರನ್ನು ಪೂರ್ತಿ ನೆಚ್ಚಿಲ್ಲ. ಅದು ನೋಡುವುದು ನನಗೂ ಹಿಂದಿನ ವಾಹನಕ್ಕೂ ಇರುವ ವೇಗದ ಅಂತರವನ್ನು. ನಾನು ಗಂಟೆಗೆ 22 ಕಿಲೋಮೀಟರಿನಲ್ಲಿ, ಟ್ರ್ಯಾಕ್ಟರೂ ಅಷ್ಟರಲ್ಲೇ ಬಂದರೆ ಪರದೆಯ ಮೇಲೆ ಚುಕ್ಕೆಯೇ ಇರುವುದಿಲ್ಲ. ಆದರೆ ಟ್ರ್ಯಾಕ್ಟರಿನ ಟೇಪ್ ಡೆಕ್ಕಿನ ಹಾಡು 140 ಮೀಟರಿಗಿಂತ ಬಹಳ ಮೊದಲೇ ಕಿವಿಗೆ ಬಿದ್ದಿರುತ್ತದೆ.

ಉಳಿದಿರುವ ತಲೆನೋವು ರಾಡಾರಿನ ಕಿಂಡಿಯ ರಬ್ಬರ್ ಮುಚ್ಚಳ. ತಂತಿ ಚುಚ್ಚಿದ ಮೇಲೆ ಅದು ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು, ಮಳೆಯಲ್ಲಿ ಹಿಂದಿನ ಗಾಲಿಯ ರಾಡಿ ಅಲ್ಲಿಗೇ ಹೋಗುತ್ತದೆ. ಹಳೆಯ ಟ್ಯೂಬಿನ ನಾಲ್ಕು ಬೆರಳಗಲದ ತುಂಡನ್ನು ತಂತಿಯ ಮೇಲಿಂದ ಬಿಗಿಯಾಗಿ ಏರಿಸಿ, ಕೆಳತುದಿಯನ್ನು ಮಾತ್ರ ತೆರೆದಿಟ್ಟಿದ್ದೇನೆ, ಒಳಗೆ ನೀರು ಹೋದರೂ ಇಳಿದುಬರಲಿ ಎಂದು. ಮೊನ್ನೆಯ ಅಡ್ಡಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆ ಮುಟ್ಟಿ, ಮೊದಲು ಅದನ್ನೇ ಬಿಚ್ಚಿ ನೋಡಿದೆ. ಒಳಗೆ ಒಣಗಿತ್ತು.