ಶಾಣ್ಯಾ ಅಲ್ಲದ ವಿಜರ್ಡ್: ಪ್ಲೇಯರ್ಸ್ ಹ್ಯಾಂಡ್‌ಬುಕ್ ಜೊತೆ ನಾಲ್ಕು ವರ್ಷ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರೆ ಒಂದೊಂದು ಪಾತ್ರ ಕಟ್ಕೊಂಡು ದಾಳ ಉರುಳಿಸಿ ಕಥೆ ಆಡೋ ಆಟ. ಅದರ 5ನೇ ಆವೃತ್ತಿಯ ಈ ನಿಯಮದ ಪುಸ್ತಕ ತಗೊಂಡು ನಾಲ್ಕು ವರ್ಷ ಆಯ್ತು. ನಂದು 2014ರದ್ದು, 2024ರ ಪರಿಷ್ಕೃತ ಪ್ರತಿ ಅಲ್ಲ. ಕಲಬುರಗಿಯ ಬಿಸಿಲಿಗೆ ಹಗಲು ಆಡೋದು ಆಗದ ಮಾತು. ಸಂಜೆ ಮಾಳಿಗಿ ಮೇಲೆ ಐದು ಜನ ಕೂಡ್ತೀವಿ, ನಡುವೆ ಮಿರ್ಚಿ ಭಜಿ.

ಮೊದಲ ವಾರವೇ ಗೆಳೆಯನೊಬ್ಬ ಹಾಫ್-ಆರ್ಕ್ (ಅರ್ಧ ರಾಕ್ಷಸ, ಅರ್ಧ ಮನುಷ್ಯ) ವಿಜರ್ಡ್, ಅಂದ್ರೆ ಓದಿ ಕಲಿತ ಮಂತ್ರವಾದಿ, ಮಾಡ್ಕೊಂಡ. 15, 14, 13, 12, 10, 8 ಅನ್ನೋ ಅಂಕಿಗಳನ್ನ ಆರು ಗುಣಗಳಿಗೆ ಹಂಚಬೇಕು. ಅವ 15 ಒಯ್ದು ಸ್ಟ್ರೆಂತ್‌ಗೆ ಇಟ್ಟ, ಇಂಟೆಲಿಜೆನ್ಸ್‌ಗೆ 10. ಕೇಳಿದ್ರೆ, "ಕೈಯಾಗ ಬಡಿಗಿ ಅದ ಅಲ್ಲೋ, ಹೊಡಿಲಿಕ್ಕ ತಾಕತ್ತು ಬ್ಯಾಡೇನು?"

ಪೆಟ್ಟು ಎಲ್ಲಿ ಬಿತ್ತು ನೋಡ್ರಿ. ಮಂತ್ರ ತಪ್ಪಿಸಿಕೊಳ್ಳಲು ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕಿಗೆ ಡಿಸಿ ಅಂತಾರೆ (ಜಿಲ್ಲಾಧಿಕಾರಿ ಅಲ್ಲ!). ಅದು 8, ಜೊತೆಗೆ ಪ್ರೊಫಿಷಿಯನ್ಸಿಯ (ಪಳಗಿದ್ದಕ್ಕೆ ಸಿಗೋ) 2, ಜೊತೆಗೆ ಇಂಟೆಲಿಜೆನ್ಸ್‌ನ ಮಾಡಿಫೈಯರ್ (ಗುಣದ ಅಂಕಿಯಿಂದ ಬರೋ ಕೂಡಿಕೆ: 16ಕ್ಕೆ 3, 10ಕ್ಕೆ ಸೊನ್ನೆ, 8ಕ್ಕೆ ಮೈನಸ್ 1). ಇಂಟೆಲಿಜೆನ್ಸ್ 16 ಇದ್ದವನ ಡಿಸಿ 13, ಇವನದು ಬರೀ 10. ಕಾವಲು ನಿಂತ ಗಾಬ್ಲಿನ್ (ಕುಳ್ಳ ರಾಕ್ಷಸ) ಮೇಲೆ ಚಾರ್ಮ್ ಪರ್ಸನ್ ಅನ್ನೋ ಮರುಳು ಮಂತ್ರ ಹಾಕಿದ್ರೆ ಅದು ತಪ್ಪಿಸಿಕೊಳ್ಳೋ ಸಾಧ್ಯತೆ ನೂರಕ್ಕೆ 35ರ ಬದಲು 50. ದಿನಕ್ಕೆ ಸಿದ್ಧ ಮಾಡ್ಕೊಳ್ಳೋ ಮಂತ್ರಗಳೂ ಲೆವೆಲ್ ಕೂಡಿಸು ಮಾಡಿಫೈಯರ್. ಹಿಂಗಾಗಿ ಪಾತ್ರದ ಮಂತ್ರ ಪುಸ್ತಕದಲ್ಲಿ ಆರು ಬರೆದಿದ್ರೂ, ಆಗ 1ನೇ ಲೆವೆಲ್‌ನಲ್ಲಿದ್ದ ಅವನಿಗೆ ದಿನಕ್ಕೆ ಒಂದೇ.

ಆದ್ರೆ ಅವ ಸಾಯಲಿಲ್ಲ. ಇದು ನನಗೆ ಗೊತ್ತಾಗಲು ಒಂದು ವರ್ಷ ಹಿಡೀತು: ಎಷ್ಟೋ ಮಂತ್ರಗಳು ಆ ಅಂಕಿಯನ್ನ ಕೇಳೋದೇ ಇಲ್ಲ. ಮ್ಯಾಜಿಕ್ ಮಿಸೈಲ್ ತಾನಾಗೇ ಹೋಗಿ ಬಡಿಯುತ್ತೆ. ನಿದ್ದೆ ಬರಿಸೋ ಸ್ಲೀಪ್ ಎದುರಿಗಿರೋರ ಹಿಟ್ ಪಾಯಿಂಟ್ (ಉಳಿದ ಜೀವ) ಮಾತ್ರ ನೋಡುತ್ತೆ. ಅಂಥವನ್ನೇ ಆರಿಸಿ ಆರಿಸಿ ಬದುಕಿದ ಮಗ.

ಮಂತ್ರ ಹಾಕೋ ಉಳಿದ ಕ್ಲಾಸ್‌ಗಳದು (ಕ್ಲಾಸ್ ಅಂದ್ರೆ ಪಾತ್ರದ ಕಸುಬು) ಸಲೀಸು: ಕ್ಲೆರಿಕ್, ಡ್ರೂಯಿಡ್‌ಗೆ ವಿಸ್ಡಮ್, ಬಾರ್ಡ್, ಸಾರ್ಸರರ್‌ಗೆ ಕರಿಸ್ಮಾ. ಇಂಟೆಲಿಜೆನ್ಸ್, ವಿಸ್ಡಮ್ ಎರಡಕ್ಕೂ ಬುದ್ಧಿ ಅಂದು ಗೊಂದಲ ಆಗ್ತಿತ್ತು. ಈಗ ಹೊಸಬರಿಗೆ ಹೇಳೋದು, ವಿಜರ್ಡ್ ಶಾಣ್ಯಾ, ಕ್ಲೆರಿಕ್ ತಿಳುವಳಿಕಸ್ಥ. ತಕ್ಷಣ ತಲೆಗೆ ಹೋಗುತ್ತೆ.

ನಾ ಎಡವಿದ್ದು ಬೇರೆ ಕಡೆ. ಯಾವ ಕ್ಲಾಸ್‌ಗೆ ಯಾವ ಗುಣ ಅನ್ನೋದು 3ನೇ ಅಧ್ಯಾಯದಲ್ಲಿ ಇದೆ, ಪೆಟ್ಟು ಬಿದ್ದಾಗ ಮಂತ್ರ ಹಿಡಿದಿಟ್ಟುಕೊಳ್ಳೋ ಏಕಾಗ್ರತೆಯ ನಿಯಮ 10ನೇದರಲ್ಲಿ. ನಾ 10ನೇ ಅಧ್ಯಾಯ ಓದದೆ, ಅದಕ್ಕೆ ಬೇಕಾದ ಕಾನ್‌ಸ್ಟಿಟ್ಯೂಷನ್‌ಗೆ (ಮೈಯ ಗಟ್ಟಿತನ) 8 ಇಟ್ಟಿದ್ದೆ. ಒಂದು ರಾತ್ರಿ ಕರೆಂಟ್ ಇಲ್ಲ, ಮೊಬೈಲ್ ಬೆಳಕು. ಮೂರು ಗಾಬ್ಲಿನ್‌ಗಳನ್ನ ವೆಬ್ ಅನ್ನೋ ಬಲೆ ಮಂತ್ರದಲ್ಲಿ ಸಿಕ್ಕಿಸಿದ್ದೆ, ಒಂದು ಬಾಣ ಬಂದು 4 ಪಾಯಿಂಟ್ ಪೆಟ್ಟು. ಮಂತ್ರ ಹಿಡಿದಿಟ್ಟುಕೊಳ್ಳಲು 10 ಬೇಕು. ದಾಳ ಉರುಳಿ ಹೊರಸಿನ ಕೆಳಗೆ ಹೋಯ್ತು, ಬಗ್ಗಿ ನೋಡಿದ್ರೆ ಸರಿಯಾಗಿ 10! ಕುಣಿದೆ. "ಒಂದು ಕಳಿ, ನಿಂದು ಮೈನಸ್ ಅದ" ಅಂದ ಅದೇ ಗೆಳೆಯ. 9. ಬಲೆ ಮಾಯ, ಮೂರೂ ಹೊರಗೆ.

ಪುಸ್ತಕ ಇಂಗ್ಲಿಷ್‌ನಲ್ಲಿದೆ, ಒಬ್ಬರಾದರೂ ಓದಿ ಹೇಳೋರು ಬೇಕು. ಗುಂಪಿಗೆ ಒಂದು ಪ್ರತಿ ಸಾಕು. ಹಾಫ್-ಆರ್ಕ್ ಈಗ 7ನೇ ಲೆವೆಲ್. 4ನೇದರಲ್ಲಿ ಗುಣ ಏರಿಸಲು ಎರಡು ಪಾಯಿಂಟ್ ಸಿಕ್ಕಾಗ ಎಲ್ಲರೂ ಇಂಟೆಲಿಜೆನ್ಸ್, ಇಂಟೆಲಿಜೆನ್ಸ್ ಅಂತ ಕೂಗಿದ್ವಿ. ಎರಡೂ ಸ್ಟ್ರೆಂತ್‌ಗೇ ಹಾಕಿದ.