ಕಂಬದ ಸೇಬೋ, ಗಿಡ್ಡ ಸೇಬೋ?

ಇಂಗ್ಲೆಂಡಿನ ಮನೆಯ ಹಿತ್ತಲಲ್ಲಿ ಎರಡು ಕುಂಡಕ್ಕಷ್ಟೇ ಜಾಗವಿದ್ದರೆ ನನ್ನ ಮತ ಕಂಬದ ಸೇಬಿಗೆ. 1960ರ ದಶಕದಲ್ಲಿ ಕೆನಡಾದ ಕೆಲೋನಾ ಬಳಿ, ಮ್ಯಾಕಿಂತಾಶ್ ಎಂಬ ತಳಿಯ ಸೇಬಿನ ಮರವೊಂದರಲ್ಲಿ ತಾನಾಗಿ ಗುಣ ಬದಲಾಗಿ ಮೂಡಿದ ಕೊಂಬೆಯೇ ಇದರ ಮೂಲ. ಎತ್ತರ ಏಳೆಂಟು ಅಡಿ, ಅಗಲ ಎರಡಡಿ. ಉದ್ದ ಕೊಂಬೆಗಳಿಲ್ಲ, ಮೊಟಕು ಕಡ್ಡಿಗಳಲ್ಲಿ ಹಣ್ಣು ಕಾಂಡಕ್ಕೇ ಅಂಟಿಕೊಂಡಿರುತ್ತದೆ, ನಮ್ಮ ಹಲಸಿನಂತೆ.

ಎಂ27 ಎಂಬ, ಮರವನ್ನು ಕುಳ್ಳಾಗಿಡುವ ಬೇರುಗಿಡಕ್ಕೆ (ಕಸಿಯ ಬುಡಕ್ಕೆ) ಕಸಿ ಮಾಡಿದ ಗಿಡ್ಡ ಮರ ಐದಾರು ಅಡಿಗೆ ನಿಲ್ಲುತ್ತದೆ, ಆದರೆ ಹೆಚ್ಚುಕಡಿಮೆ ಅಷ್ಟೇ ಅಗಲಕ್ಕೂ ಹರಡುತ್ತದೆ. ಬದುಕಿರುವಷ್ಟೂ ದಿನ ಊರೆಗೋಲು ಬೇಕು. ರುಚಿಯೇ ಮುಖ್ಯ ಎನ್ನುವವರು ಮಾತ್ರ ಇದನ್ನೇ ಕೊಳ್ಳಿ: ತಳಿಗಳ ಆಯ್ಕೆ ಬಹಳ ದೊಡ್ಡದು.

ಕಂಬದ ಸೇಬಿಗೆ ಒಂದು ಚಾಳಿಯಿದೆ. ಒಂದು ವರ್ಷ ಮೈತುಂಬ ಕಾಯಿ, ಮರುವರ್ಷ ಬರಿಗೈ. ಜೂನ್‌ನಲ್ಲಿ ಗೊಂಚಲಿಗೆ ಒಂದೆರಡೇ ಕಾಯಿ ಬಿಟ್ಟು ಉಳಿದವನ್ನು ಕಿತ್ತುಬಿಡಿ. ಕೈ ನಡುಗುತ್ತದೆ, ಆದರೂ ಕೀಳಿ.

ಎರಡಕ್ಕೂ ಪರಾಗಕ್ಕೆ ಅದೇ ಹೊತ್ತಿಗೆ ಹೂ ಬಿಡುವ ಬೇರೆ ತಳಿಯ ಜೊತೆ ಬೇಕು. ಎರಡು ಕಂಬ ಒಂದು ಗೋಡೆಯ ಪಕ್ಕ ಹಿಡಿಸುತ್ತವೆ.

ಬೆಂಗಳೂರಿನ ತಾರಸಿಗೆ ಇವೆರಡೂ ಬೇಡ, ಚಳಿ ಸಾಲದು. ಅಲ್ಲಿ ಕಡಿಮೆ ಚಳಿ ಸಾಕಾಗುವ ಸೇಬಿನ ತಳಿಗಳಾದ ಅನ್ನಾ, ಡಾರ್ಸೆಟ್ ಗೋಲ್ಡನ್ ಜೋಡಿ ನೋಡಿ.